ಕಣೆಯಿಂದ ಗಣೆಗೆ: ಚಿತ್ರದುರ್ಗ ಸೀಮೆಯ ಬಾಣರಚನೆಯ ಪದಗಳು ಮತ್ತು ಅವುಗಳ ಅರ್ಥಪಲ್ಲಟ

ಸಾರಾಂಶ

ಬಿದಿರು ಮತ್ತು ಮರದ ಬಾಣಗಳನ್ನು ಕೈಯಿಂದ ರಚಿಸುವ ಕೆಲಸಕ್ಕೆ ಸಂಬಂಧಿಸಿದ ಕನ್ನಡ ಪದಗಳನ್ನು ಪ್ರಸ್ತುತ ಲೇಖನವು ಪರಿಶೀಲಿಸುತ್ತದೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ತಾಲ್ಲೂಕುಗಳ ಭಾಷಿಕ ಪರಿಸರವು ಈ ಪರಿಶೀಲನೆಯ ನೆಲೆಯಾಗಿದೆ. ಅಂಬು, ಕಣೆ, ಸರಳು, ಹಿಳುಕು ಮೊದಲಾದ ಪದಗಳನ್ನು ನಿಘಂಟುಗಳು ಬಹುಮಟ್ಟಿಗೆ ‘ಬಾಣ’ ಎಂಬ ಒಂದೇ ಅರ್ಥದಲ್ಲಿ ನಿರೂಪಿಸುತ್ತವೆ. ಬಾಣವನ್ನು ಮಾಡುವ ಕ್ರಮವನ್ನು ಎದುರಿಗಿಟ್ಟುಕೊಂಡು ನೋಡಿದಾಗ ಇವು ಪರ್ಯಾಯ ಪದಗಳಾಗಿರದೆ ಒಂದು ವಸ್ತುವಿನ ಬೇರೆಬೇರೆ ಅಂಗಗಳನ್ನೂ ಗುಣಗಳನ್ನೂ ಸೂಚಿಸಬಲ್ಲ ಪದಗಳೆಂಬುದು ಸ್ಪಷ್ಟವಾಗುತ್ತದೆ. ವಸ್ತುವು ಬಳಕೆಯಿಂದ ಮರೆಯಾದಾಗ ಅದರ ಪದಗಳೆಲ್ಲ ಒಟ್ಟಿಗೆ ಮರೆಯಾಗುವುದಿಲ್ಲ. ಬೇರೊಂದು ದಿನನಿತ್ಯದ ಕೆಲಸದಲ್ಲಿ ನೆಲೆ ದೊರೆತ ಪದಗಳು ಉಳಿಯುತ್ತವೆ, ಅಂತಹ ನೆಲೆ ದೊರೆಯದವು ಅಳಿಯುತ್ತವೆ ಎಂಬುದು ಲೇಖನದ ಪ್ರಧಾನ ಪ್ರತಿಪಾದನೆ.

ಪ್ರಮುಖ ಪದಗಳು: ವೃತ್ತಿಪದಕೋಶ, ಅರ್ಥಪಲ್ಲಟ, ಬಿಲ್ವಿದ್ಯೆ, ಹಕಾರಲೋಪ, ಸಮಧ್ವನಿ ಘರ್ಷಣೆ, ಚಿತ್ರದುರ್ಗ ಸೀಮೆಯ ಕನ್ನಡ

1. ಪೀಠಿಕೆ

ವಿಜಯದಶಮಿಯ ದಿನ ಚಿತ್ರದುರ್ಗ ಸೀಮೆಯ ಹಲವು ಊರುಗಳಲ್ಲಿ ದೇವರ ಉತ್ಸವಮೂರ್ತಿಯು ಬನ್ನಿಮರದ ಬಳಿಗೆ ಹೋಗುತ್ತದೆ. ಅಲ್ಲಿ ನೆಟ್ಟ ಬಾಳೆಯ ದಿಂಡಿಗೆ ಅಂಬು ಬಿಡುವ ವಿಧಿಯನ್ನು ‘ಅಂಬಿನೋತ್ಸವ’ ಎಂದು ಕರೆಯುವುದು ವಾಡಿಕೆ. ‘ಅಂಬು’ ಎಂಬ ಪದವನ್ನು ಕಾವ್ಯದಲ್ಲಿ ಎಂದೂ ಓದಿರದ ಮಕ್ಕಳಿಗೂ ಈ ಒಂದು ದಿನದ ಕಾರಣದಿಂದ ಅದರ ಪರಿಚಯವಿರುತ್ತದೆ. ಆದರೆ ಅದೇ ಅಂಬಿನ ಹಿಂತುದಿಯಲ್ಲಿ ಹೆದೆಯು ಕೂಡುವ ಸೀಳಿಗೆ, ಗರಿ ಕಟ್ಟಿದ ಭಾಗಕ್ಕೆ, ಮೊನೆಯನ್ನು ಕೂರಿಸುವ ತುದಿಗೆ ಏನು ಹೆಸರು ಎಂದು ಕೇಳಿದರೆ ಉತ್ತರ ದೊರೆಯುವುದು ಕಷ್ಟ. ಇಡೀ ವಸ್ತುವಿನ ಹೆಸರು ಉಳಿದು ಅದರ ಅಂಗಗಳ ಹೆಸರುಗಳು ಮರೆಯಾಗಿರುವ ಈ ಸ್ಥಿತಿಯು ಭಾಷಾವಿಜ್ಞಾನದ ದೃಷ್ಟಿಯಿಂದ ವಿವರಣೆಯನ್ನು ಬೇಡುತ್ತದೆ.

ಬಿಲ್ಲು ಈ ಸೀಮೆಗೆ ಹೊರಗಿನದಲ್ಲ. ಚಿತ್ರದುರ್ಗದ ಪಾಳೆಯಗಾರರಾದ ನಾಯಕರು ಬೇಡ ಸಮುದಾಯದವರು. ಬೇಟೆಯು ಆ ಸಮುದಾಯದ ಹೆಸರಿನೊಡನೆಯೇ ಹೆಣೆದುಕೊಂಡಿದೆ. ಹಳಗನ್ನಡದ ‘ಬೇಂಟೆ’ ಹೊಸಗನ್ನಡದಲ್ಲಿ ‘ಬೇಟೆ’ಯಾಗಿದೆ, ತಮಿಳಿನ ‘ವೇಟ್ಟೈ’, ‘ವೇಡನ್’ ಎಂಬ ರೂಪಗಳನ್ನು ಇದರೊಡನೆ ಹೋಲಿಸಬಹುದು. 1779ರಲ್ಲಿ ದುರ್ಗವು ಹೈದರಾಲಿಯ ವಶವಾಗುವ ಹೊತ್ತಿಗೆ ಕೋವಿ, ಫಿರಂಗಿಗಳು ಯುದ್ಧದ ಮುಖ್ಯ ಆಯುಧಗಳಾಗಿದ್ದವು. ಬೇಟೆಯಲ್ಲಿ ಬಿಲ್ಲಿನ ಬಳಕೆ ಅನಂತರವೂ ಅಷ್ಟಿಷ್ಟು ಉಳಿದಿರಬಹುದಾದರೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಬಳಿಕ ಆ ಬಳಕೆಗೂ ಅವಕಾಶ ಉಳಿಯಲಿಲ್ಲ. ಹೀಗೆ ಬಾಣವನ್ನು ಮಾಡುವ ಅಗತ್ಯ ಎರಡು ಹಂತಗಳಲ್ಲಿ ಕಳೆದುಹೋಯಿತು. ಪದಗಳಿಗೆ ಏನಾಯಿತು ಎಂಬುದು ಇಲ್ಲಿನ ಪ್ರಶ್ನೆ.

ಪದದ ಚರಿತ್ರೆಯನ್ನು ವಸ್ತುವಿನ ಚರಿತ್ರೆಯಿಂದ ಬೇರ್ಪಡಿಸಿ ನೋಡಲಾಗದು ಎಂಬ ನಿಲುವಿಗೆ ಭಾಷಾವಿಜ್ಞಾನದಲ್ಲಿ ದೀರ್ಘ ಪರಂಪರೆಯಿದೆ. ರುಡಾಲ್ಫ್ ಮೆರಿಂಗರ್ ಮತ್ತು ಸಂಗಡಿಗರು 1909ರಲ್ಲಿ ಆರಂಭಿಸಿದ ಜರ್ಮನ್ ಪತ್ರಿಕೆಯ ಹೆಸರೇ ‘ಪದಗಳು ಮತ್ತು ವಸ್ತುಗಳು’ ಎಂಬ ಅರ್ಥದ್ದು. ನೇಗಿಲಿನ ಭಾಗಗಳನ್ನು ಅರಿಯದೆ ನೇಗಿಲಿಗೆ ಸಂಬಂಧಿಸಿದ ಪದಗಳ ವ್ಯುತ್ಪತ್ತಿಯನ್ನು ಹೇಳಲಾಗದು ಎಂಬುದು ಈ ಪಂಥದ ಸಾರ. ಅದೇ ಕ್ರಮವನ್ನು ಅನುಸರಿಸಿ ಮೊದಲು ಬಾಣವನ್ನು ಮಾಡುವ ಕೆಲಸವನ್ನೂ ಬಳಿಕ ಅದರ ಪದಗಳನ್ನೂ ಪರಿಶೀಲಿಸಲಾಗಿದೆ.

2. ಬಾಣದ ರಚನೆ

ಬಾಣದ ಕೆಲಸ ಕಡ್ಡಿಯ ಆಯ್ಕೆಯಿಂದ ಆರಂಭವಾಗುತ್ತದೆ. ಒಣಗಾಡಿನಲ್ಲಿ ಬೆಳೆಯುವ ಗಟ್ಟಿ ಬಿದಿರು ತೆಳ್ಳಗಿದ್ದರೂ ದಪ್ಪ ಗೋಡೆಯುಳ್ಳದ್ದು. ಮಳೆಗಾಡಿನ ಹೆಬ್ಬಿದಿರಿಗಿಂತ ಇದು ಬಾಣಕ್ಕೆ ಹೆಚ್ಚು ಒಗ್ಗುತ್ತದೆ. ಎಳೆಯ ಬಿದಿರು ಒಣಗುವಾಗ ಸುಕ್ಕುಗಟ್ಟುವುದರಿಂದ ಎರಡು ಮೂರು ವರ್ಷ ಬಲಿತದ್ದನ್ನು ಆರಿಸಬೇಕು. ಮಳೆಗಾಲ ಕಳೆದು ಚಳಿ ಹಿಡಿದ ಮೇಲೆ ಕಡಿದದ್ದು ಉತ್ತಮ. ರಸ ಏರಿದ ಕಾಲದಲ್ಲಿ ಕಡಿದ ಬಿದಿರಿಗೆ ಬೇಗ ಕುಟ್ಟೆ ಹಿಡಿಯುತ್ತದೆ. ಕಡಿದ ಕಡ್ಡಿಗಳನ್ನು ಕಟ್ಟುಕಟ್ಟಿ ನೆರಳಿನಲ್ಲಿ ಕೆಲವು ತಿಂಗಳು ಒಣಗಿಸಬೇಕು. ಬಿಸಿಲಿಗೆ ಹಾಕಿದರೆ ಅವಸರದಲ್ಲಿ ಒಣಗಿ ಸೀಳುತ್ತವೆ.

ಒಣಗಿದ ಕಡ್ಡಿ ಎಂದೂ ಪೂರ್ತಿ ನೆಟ್ಟಗಿರುವುದಿಲ್ಲ. ಪ್ರತಿ ಗೆಣ್ಣಿನಲ್ಲಿಯೂ ಅದು ಸ್ವಲ್ಪ ದಿಕ್ಕು ಬದಲಿಸಿರುತ್ತದೆ. ಡೊಂಕಾದ ಭಾಗವನ್ನು ಕೆಂಡದ ಮೇಲೆ ಹೊರಳಿಸುತ್ತ ಕಾಯಿಸಿ, ಬಿಸಿಯಿರುವಾಗಲೇ ಎದುರು ದಿಕ್ಕಿಗೆ ಬಾಗಿಸಿ, ಆರುವವರೆಗೆ ಹಿಡಿಯಬೇಕು. ಹೊರಮೈ ಕರಕಾಗುವಷ್ಟು ಕಾಯಿಸಿದರೆ ಬಿದಿರು ಪೆಡಸಾಗುತ್ತದೆ. ಕಡಿಮೆ ಕಾಯಿಸಿದರೆ ಮರುದಿನ ಹಳೆಯ ಡೊಂಕಿಗೇ ಮರಳುತ್ತದೆ. ಉಬ್ಬಿದ ಗೆಣ್ಣುಗಳನ್ನು ಹೊರಚರ್ಮಕ್ಕೆ ಗಾಯವಾಗದಂತೆ ಹೆರೆದು ಸಮಮಾಡಬೇಕು. ಬಿದಿರಿನ ಬಲವೆಲ್ಲ ಹೊರಮೈಯ ಎಳೆಗಳಲ್ಲಿರುವುದರಿಂದ ಅದನ್ನು ಹೆರೆದಷ್ಟೂ ಕಡ್ಡಿ ಸೋಲುತ್ತದೆ. ಕಡ್ಡಿಯನ್ನು ಕತ್ತರಿಸುವಾಗ ಹೆದೆ ಕೂಡುವ ತುದಿಯ ಹತ್ತಿರದಲ್ಲಿಯೇ ಒಂದು ಗೆಣ್ಣು ಬರುವಂತೆ ನೋಡಿಕೊಳ್ಳಬೇಕು. ಗೆಣ್ಣಿನಾಚೆ ಕಚ್ಚು ಮಾಡಿದರೆ ಹೆದೆಯ ಹೊಡೆತ ಗೆಣ್ಣಿನಲ್ಲಿ ನಿಲ್ಲುತ್ತದೆ. ಇಲ್ಲವಾದರೆ ಬಾಣ ಉದ್ದುದ್ದ ಸೀಳಿ ಹೋಗುತ್ತದೆ. ಇದರ ಜತೆಗೆ ಕಚ್ಚಿನ ಕೆಳಗೆ ದಾರವನ್ನು ಬಿಗಿಯಾಗಿ ಸುತ್ತುವುದುಂಟು.

ಮರದ ಬಾಣದ ಕ್ರಮ ಬೇರೆ. ತಡಸಲಿನಂತಹ ಬಳುಕುವ ಮರವನ್ನು ಎಳೆಯ ಗುಂಟ ಸೀಳಿ, ಚೌಕವಾಗಿ, ಬಳಿಕ ಎಂಟು ಮೂಲೆಯಾಗಿ, ಕೊನೆಗೆ ದುಂಡಾಗಿ ಕೀಸಬೇಕು. ಗರಗಸದಿಂದ ಕೊಯ್ದ ಕಡ್ಡಿಯಲ್ಲಿ ಎಳೆಗಳು ನಡುವೆ ಓರೆಯಾಗಿ ತುಂಡರಿಸಿರುವ ಸಾಧ್ಯತೆಯುಂಟು. ಅಂತಹ ಬಾಣ ಬಿಡುವ ಗಳಿಗೆಯಲ್ಲಿ ಮುರಿದು ಬಿಲ್ಲುಗಾರನ ಕೈಗೇ ನಾಟಬಲ್ಲದು. ಎರಡೂ ಬಗೆಯ ಬಾಣಗಳು ಸಾಮಾನ್ಯವಾಗಿ ಎಂಟು ಒಂಬತ್ತು ಮಿಲಿಮೀಟರ್ ದಪ್ಪ, ಎಪ್ಪತ್ತರಿಂದ ಎಂಬತ್ತು ಸೆಂಟಿಮೀಟರ್ ಉದ್ದವಿರುತ್ತವೆ. ಉದ್ದವನ್ನು ನಿರ್ಧರಿಸುವುದು ಎಳೆಯುವವನ ತೋಳು.

ಬಳಿಕ ಗರಿ ಮತ್ತು ಮೊನೆ. ಮೂರು ಗರಿಗಳನ್ನು ಸಮಾಂತರದಲ್ಲಿ ಕಟ್ಟುವುದು ರೂಢಿ. ಅವು ಮೂರೂ ಹಕ್ಕಿಯ ಒಂದೇ ಪಕ್ಕದ ರೆಕ್ಕೆಯವಾಗಿರಬೇಕು. ಎಡರೆಕ್ಕೆಯ ಗರಿಗಳು ಒಂದು ಕಡೆಗೂ ಬಲರೆಕ್ಕೆಯವು ಇನ್ನೊಂದು ಕಡೆಗೂ ಬಾಗಿರುವುದರಿಂದ ಬೆರೆಸಿ ಕಟ್ಟಿದರೆ ಬಾಣ ತನ್ನ ಅಕ್ಷದ ಸುತ್ತ ಸಮವಾಗಿ ತಿರುಗದು. ಗರಿಗಳನ್ನು ಸರೇಸಿನಿಂದಲೋ ಅರಗಿನಿಂದಲೋ ಅಂಟಿಸಿ ಎರಡು ತುದಿಗಳಲ್ಲಿ ದಾರ ಸುತ್ತಲಾಗುತ್ತದೆ. ಕಬ್ಬಿಣದ ಮೊನೆಯು ಕಮ್ಮಾರನ ಕೆಲಸ. ಅದರ ಬಾಲವನ್ನು ಕಡ್ಡಿಯೊಳಕ್ಕೆ ಇಳಿಸುವುದು ಒಂದು ಕ್ರಮ, ಕಡ್ಡಿಯನ್ನು ಮೊನೆಯ ಕೊಳವೆಯೊಳಕ್ಕೆ ಕೂರಿಸುವುದು ಇನ್ನೊಂದು. ಮೊನೆಯ ಭಾರದಿಂದ ಬಾಣದ ತೂಕದ ಕೇಂದ್ರ ನಡುವಿಗಿಂತ ತುಸು ಮುಂದಕ್ಕೆ ಬರಬೇಕು. ಹಾಗಿಲ್ಲದ ಬಾಣ ಗಾಳಿಯಲ್ಲಿ ತಲೆ ಅಲ್ಲಾಡಿಸುತ್ತದೆ.

ಕೊನೆಯದು ಮತ್ತು ಸೂಕ್ಷ್ಮವಾದದ್ದು ಬಾಣದ ಬಳುಕು. ಸಾಂಪ್ರದಾಯಿಕ ಬಿಲ್ಲಿನಲ್ಲಿ ಬಾಣವು ಬಿಲ್ಲಿನ ನಡುವಿನಿಂದಲ್ಲದೆ ಅದರ ಪಕ್ಕದಿಂದ ಹಾಯುತ್ತದೆ. ಹೆದೆ ತಳ್ಳಿದಾಗ ಬಾಣ ಮೊದಲು ಬಾಗಿ, ಬಿಲ್ಲಿನ ಮೈಯನ್ನು ಬಳಸಿ, ಮತ್ತೆ ನೆಟ್ಟಗಾಗುತ್ತ ಗುರಿಯತ್ತ ಹೋಗುತ್ತದೆ. ಬಿಲ್ಲಿನ ಬಲಕ್ಕೆ ತಕ್ಕಷ್ಟು ಬಳುಕದ ಬಾಣ ಒಂದು ಬದಿಗೂ ಅತಿಯಾಗಿ ಬಳುಕುವುದು ಇನ್ನೊಂದು ಬದಿಗೂ ಸರಿಯುತ್ತದೆ. ಆದ್ದರಿಂದ ಒಂದೇ ಬತ್ತಳಿಕೆಯ ಬಾಣಗಳೆಲ್ಲ ಒಂದೇ ಬಳುಕು, ಒಂದೇ ತೂಕದವಾಗಿರಬೇಕು. ಬಾಣದ ಕುಶಲಿಯು ಕಡ್ಡಿಯ ಎರಡು ತುದಿಗಳನ್ನು ಹಿಡಿದು ನಡುವನ್ನು ಒತ್ತಿ ನೋಡಿ ಇದನ್ನು ಅಳೆಯುತ್ತಾನೆ. ಇಂತಹ ಕೆಲಸಕ್ಕೆ ಭಾಗಭಾಗಗಳ ಹೆಸರುಗಳಿಲ್ಲದೆ ನಡೆಯದು ಎಂಬುದನ್ನು ಮುಂದಿನ ಚರ್ಚೆಗಾಗಿ ನೆನಪಿಡಬೇಕು.

3. ಪರ್ಯಾಯವೆಂದು ತೋರುವ ನಾಲ್ಕು ಪದಗಳು

‘ಅಂಬು’ ದ್ರಾವಿಡ ಭಾಷೆಗಳಲ್ಲಿ ವ್ಯಾಪಕವಾಗಿರುವ ಪದ. ತಮಿಳು ಮತ್ತು ಮಲಯಾಳಂಗಳ ‘ಅಂಪು’, ತೆಲುಗಿನ ‘ಅಮ್ಮು’ ಇದರ ಜ್ಞಾತಿರೂಪಗಳು. ‘ಬಿಲ್’ ಎಂಬುದೂ ಹಾಗೆಯೇ ತಮಿಳಿನ ‘ವಿಲ್’, ತೆಲುಗಿನ ‘ವಿಲ್ಲು’ಗಳ ಜ್ಞಾತಿ, ಪದಾದಿಯ ವಕಾರ ಕನ್ನಡದಲ್ಲಿ ಬಕಾರವಾಗುವುದಕ್ಕೆ ‘ವಾಯ್–ಬಾಯ್’, ‘ವೇರ್–ಬೇರ್’ಗಳಂತೆ ಇದೂ ಒಂದು ನಿದರ್ಶನ. ಆಂಧ್ರದ ಗಡಿಗೆ ಸಮೀಪದ ಹಿರಿಯೂರು ಭಾಗದಲ್ಲಿ ಕನ್ನಡ ತೆಲುಗುಗಳೆರಡೂ ಬಲ್ಲವರಿಗೆ ‘ಅಂಬು–ಅಮ್ಮು’ಗಳ ಸಂಬಂಧ ಸುಲಭವಾಗಿ ಹೊಳೆಯುತ್ತದೆ. ‘ಅಂಬು’ ಇಡೀ ವಸ್ತುವಿನ ಹೆಸರು. ‘ಕೂರಂಬು’, ‘ಕವಲಂಬು’ಗಳಂತಹ ಸಮಾಸಗಳಲ್ಲಿ ಮೊನೆಯ ಬಗೆಯನ್ನು ಹೇಳುವ ವಿಶೇಷಣ ಅದಕ್ಕೆ ಸೇರುತ್ತದೆ.

‘ಕಣೆ’ಯ ಸ್ಥಿತಿ ಬೇರೆ. ತಮಿಳಿನ ‘ಕಣೈ’ಯೊಡನೆ ಜ್ಞಾತಿಯಾದ ಈ ಪದಕ್ಕೆ ಬಾಣವೆಂಬ ಅರ್ಥದ ಜತೆಗೆ ಕೋಲು, ಕಡ್ಡಿ ಎಂಬ ಅರ್ಥವೂ ಇದೆ. ಎಂದರೆ ಬಾಣದ ಅಂಗಗಳಲ್ಲಿ ‘ಕಣೆ’ಯು ಮುಖ್ಯವಾಗಿ ಕಡ್ಡಿಯನ್ನು ಹೇಳುತ್ತದೆ, ಕಡ್ಡಿಯ ಹೆಸರು ಇಡೀ ಬಾಣಕ್ಕೆ ಹಬ್ಬಿದೆ. ಸಂಸ್ಕೃತದಲ್ಲಿಯೂ ಇದೇ ಬಗೆಯ ವಿಸ್ತರಣೆ ಕಾಣುತ್ತದೆ. ‘ಶರ’ ಎಂಬುದು ಜೊಂಡಿನ ಜಾತಿಯ ಒಂದು ಹುಲ್ಲಿನ ಹೆಸರು. ಅದರ ದಂಟಿನಿಂದ ಮಾಡಿದ ಬಾಣಕ್ಕೂ ಅದೇ ಹೆಸರಾಯಿತು. ಮೂಲವಸ್ತುವಿನ ಹೆಸರು ಸಾಧನದ ಹೆಸರಾಗುವ ಈ ಪ್ರವೃತ್ತಿ ಎರಡು ಭಾಷಾಕುಟುಂಬಗಳಲ್ಲಿ ಸ್ವತಂತ್ರವಾಗಿ ಒದಗಿರುವುದು ಬಾಣದ ಕೆಲಸದಲ್ಲಿ ಕಡ್ಡಿಗಿರುವ ಪ್ರಾಧಾನ್ಯವನ್ನು ತೋರಿಸುತ್ತದೆ.

‘ಸರಳು’ ಹಳಗನ್ನಡದಲ್ಲಿ ‘ಸರಲ್’ ಎಂಬ ರೂಪದಲ್ಲಿ ದೊರೆಯುತ್ತದೆ. ಸಂಸ್ಕೃತದ ‘ಶರ’, ‘ಸರಲ’ಗಳೊಡನೆ ಇದಕ್ಕಿರುವ ಧ್ವನಿಸಾಮ್ಯವು ಕವಿಗಳಿಗೆ ಶ್ಲೇಷೆಯ ಅನುಕೂಲವನ್ನು ಒದಗಿಸಿದೆ. ಇಲ್ಲಿ ಮುಖ್ಯವಾದದ್ದು ಅದರ ಅರ್ಥದ ಗತಿ. ಇಂದು ತರಗತಿಯಲ್ಲಿ ‘ಸರಳು’ ಎಂದರೆ ವಿದ್ಯಾರ್ಥಿಗಳಿಗೆ ನೆನಪಾಗುವುದು ಕಿಟಕಿಯ ಸರಳು, ಸೆರೆಮನೆಯ ಸರಳು. ಉದ್ದ, ನೇರ, ದುಂಡು, ಗಟ್ಟಿ ಎಂಬ ಬಾಣದ ಲಕ್ಷಣಗಳು ಉಳಿದು ಹಾರುವ ಲಕ್ಷಣ ಮಾತ್ರ ಬಿಟ್ಟುಹೋಗಿದೆ. ಗುರಿಯತ್ತ ಧಾವಿಸುವ ವಸ್ತುವಿನ ಹೆಸರು ಚಲನೆಯನ್ನು ತಡೆಯುವ ವಸ್ತುವಿನ ಹೆಸರಾಗಿರುವುದು ವಿಚಿತ್ರವೆನಿಸಿದರೂ ಆಕಾರಸಾಮ್ಯದ ನೆಲೆಯಲ್ಲಿ ಸಹಜವಾದ ಅರ್ಥಪಲ್ಲಟವೇ ಆಗಿದೆ.

‘ಬಾಣ’ ಸಂಸ್ಕೃತದಿಂದ ಬಂದು ಇಂದು ಉಳಿದೆಲ್ಲ ಪದಗಳನ್ನೂ ಹಿಂದಿಕ್ಕಿದೆ. ಅದೂ ತನ್ನ ಅರ್ಥವನ್ನು ಹಿಗ್ಗಿಸಿಕೊಂಡಿದೆ. ಮದ್ದು ತುಂಬಿ ಹಾರಿಸುವ ರಾಕೆಟ್ಟಿಗೆ ಹೈದರಾಲಿ, ಟಿಪ್ಪುಸುಲ್ತಾನರ ಕಾಲದಲ್ಲಿ ಇದೇ ಹೆಸರಿತ್ತು. ‘ಬಾಣಬಿರುಸು’ ಎಂಬ ಜೋಡುಪದದಲ್ಲಿ ಆ ಅರ್ಥ ಇಂದಿಗೂ ಉಳಿದಿದೆ. ‘ಸರಳು’ ಆಕಾರವನ್ನು ಇಟ್ಟುಕೊಂಡು ಹಾರಾಟವನ್ನು ಬಿಟ್ಟಿತು; ‘ಬಾಣ’ ಹಾರಾಟವನ್ನು ಇಟ್ಟುಕೊಂಡು ಕಡ್ಡಿಯನ್ನು ಬಿಟ್ಟಿತು. ಸಮಾನಾರ್ಥಕಗಳೆಂದು ಪರಿಗಣಿತವಾದ ಎರಡು ಪದಗಳು ಹೀಗೆ ಎದುರುಬದುರು ದಿಕ್ಕಿಗೆ ಸರಿದಿರುವುದನ್ನು ನೋಡಿದರೆ ಅವುಗಳ ಅರ್ಥಲಕ್ಷಣಗಳಲ್ಲಿ ಒತ್ತು ಬೇರೆಬೇರೆ ಕಡೆಗಿತ್ತೆಂದು ಊಹಿಸಲು ಅವಕಾಶವಿದೆ.

ಇವೆಲ್ಲ ಪರ್ಯಾಯಗಳಂತೆ ತೋರುವುದಕ್ಕೆ ಕಾವ್ಯವೇ ಮುಖ್ಯ ಕಾರಣ. ಕ್ರಿ.ಶ. 941ರ ಸುಮಾರಿನ ಪಂಪನ ವಿಕ್ರಮಾರ್ಜುನ ವಿಜಯದಿಂದ ಕುಮಾರವ್ಯಾಸನ ಭಾರತದವರೆಗೆ ಬಿಲ್ಲಾಳುಗಳ ಯುದ್ಧವರ್ಣನೆಗೆ ಕೊರತೆಯಿಲ್ಲ. ಮಾತ್ರೆ, ಗಣ, ಪ್ರಾಸಗಳ ಅಗತ್ಯಕ್ಕೆ ತಕ್ಕಂತೆ ಕವಿಯು ಅಂಬು, ಕಣೆ, ಸರಳುಗಳನ್ನು ಬದಲಿಸಿಕೊಳ್ಳುತ್ತಾನೆ. ಲಿಖಿತ ಪ್ರಯೋಗಗಳನ್ನು ಆಧರಿಸಿದ ನಿಘಂಟುಗಳು ಆ ಬದಲಾವಣೆಯನ್ನು ಅರ್ಥಸಮಾನತೆಯೆಂದು ದಾಖಲಿಸುತ್ತವೆ. ಇದು ನಿಘಂಟುಕಾರರ ದೋಷವಲ್ಲ. ಬಾಣ ಮಾಡುವವನು ಬರೆಯಲಿಲ್ಲ, ಬರೆದವನು ಬಾಣ ಮಾಡಲಿಲ್ಲ.

4. ಕಣೆ ಮತ್ತು ಗಣೆ

‘ಕಣೆ’ ಆಡುಮಾತಿನಲ್ಲಿ ಇಲ್ಲವೆಂದು ಹೇಳಿ ಮುಗಿಸುವಂತಿಲ್ಲ. ಹಿರಿಯೂರು, ಚಳ್ಳಕೆರೆ ಹಾಗೂ ನೆರೆಯ ಶಿರಾ ಸೀಮೆಯ ಕಾಡುಗೊಲ್ಲರಲ್ಲಿ ‘ಗಣೆ’ ಎಂಬ ಬಿದಿರಿನ ಉದ್ದ ಕೊಳಲಿದೆ. ಜುಂಜಪ್ಪನ ಕಥನವನ್ನು ಈ ವಾದ್ಯದೊಡನೆ ಹಾಡುತ್ತಾರೆ. ಆ ಹಾಡುಗಳಿಗೆ ‘ಗಣೆಪದ’ ಎಂದೇ ಹೆಸರು. ಬಿದಿರಿನ ಉದ್ದ ಕೋಲಿಗೂ ಕನ್ನಡದಲ್ಲಿ ‘ಗಣೆ’ ಎನ್ನುವುದುಂಟು.

‘ಕಣೆ’, ‘ಗಣೆ’ಗಳು ಒಂದೇ ಮೂಲದವೆಂದು ಪರಿಗಣಿಸಲು ಧ್ವನಿಯ ನೆಲೆಯಲ್ಲಿ ತೊಡಕಿಲ್ಲ. ಸಮಾಸದಲ್ಲಿ ಉತ್ತರಪದದ ಆದಿಯ ಕ, ತ, ಪಗಳಿಗೆ ಗ, ದ, ಬಗಳು ಆದೇಶವಾಗಿ ಬರುವುದನ್ನು 13ನೆಯ ಶತಮಾನದ ಕೇಶಿರಾಜನ ಶಬ್ದಮಣಿದರ್ಪಣವೇ ವಿವರಿಸುತ್ತದೆ. ‘ಕೂರ್’ ಮತ್ತು ‘ಕಣೆ’ ಸೇರಿ ‘ಕೂರ್ಗಣೆ’, ‘ಪೂ’ ಮತ್ತು ‘ಕಣೆ’ ಸೇರಿ ‘ಪೂಗಣೆ’ ಆಗುತ್ತವೆ. ಇಂತಹ ಸಮಾಸಗಳಲ್ಲಿ ಮತ್ತೆಮತ್ತೆ ಕೇಳಿಬರುವ ಗಕಾರರೂಪವು ಸ್ವತಂತ್ರ ಪದವಾಗಿ ಬಿಡಿಸಿಕೊಳ್ಳುವುದು ಅಸಂಭವವಲ್ಲ. ‘ಕಣ್’ ಎಂಬುದಕ್ಕೆ ಬಿದಿರು, ಕಬ್ಬುಗಳ ಗೆಣ್ಣು ಎಂಬ ಅರ್ಥವಿರುವುದನ್ನೂ ಅದಕ್ಕೆ ‘ಗಣ್’, ‘ಗೆಣ್ಣು’ ಎಂಬ ಗಕಾರಾದಿ ರೂಪಗಳಿರುವುದನ್ನೂ ಇದರ ಪಕ್ಕದಲ್ಲಿಟ್ಟು ನೋಡಬೇಕು.

ಧ್ವನಿಗಿಂತ ವಸ್ತುವಿನ ಸಾಕ್ಷ್ಯ ಇಲ್ಲಿ ಹೆಚ್ಚು ಬಲವಾದದ್ದು. ಕೊಳಲಿಗೂ ಬಾಣಕ್ಕೂ ಬೇಕಾದ ಬಿದಿರಿನ ಗುಣಗಳು ಬಹುಮಟ್ಟಿಗೆ ಒಂದೇ. ಬಲಿತಿರಬೇಕು, ನೆಟ್ಟಗಿರಬೇಕು, ಬಿರುಕಿರಬಾರದು, ಕುಟ್ಟೆ ಹಿಡಿದಿರಬಾರದು, ನೆರಳಿನಲ್ಲಿ ಒಣಗಿರಬೇಕು. ಬೇಡನೂ ಗೊಲ್ಲನೂ ಒಂದೇ ಕಾಡಿನ ಒಂದೇ ಮೆಳೆಯಿಂದ ಒಂದೇ ಬಗೆಯ ಕಡ್ಡಿಯನ್ನು ಆರಿಸುತ್ತಿದ್ದರೆಂದರೆ ಆ ಕಡ್ಡಿಯ ಹೆಸರು ಇಬ್ಬರಿಗೂ ಸಮಾನವಾಗಿರುವುದು ಸಹಜ. ಒಬ್ಬನ ಕೈಯಲ್ಲಿ ಅದು ಆಯುಧವಾಯಿತು, ಇನ್ನೊಬ್ಬನ ಕೈಯಲ್ಲಿ ವಾದ್ಯವಾಯಿತು. ಆಯುಧ ಹೋಯಿತು, ವಾದ್ಯ ಉಳಿಯಿತು. ಪದವೂ ವಾದ್ಯದ ಜತೆಗೆ ಉಳಿಯಿತು.

5. ಕ್ರಿಯಾಪದಗಳ ಗತಿ

ನಾಮಪದಗಳಿಗಿಂತ ಕ್ರಿಯಾಪದಗಳು ಹೆಚ್ಚು ಬಾಳಿಕೆ ಬಂದಿವೆ. ಹಳಗನ್ನಡದ ‘ಎಸು’ ಎಂದರೆ ಬಾಣ ಬಿಡು. ಅದರ ಭೂತರೂಪ ‘ಎಚ್ಚಂ’, ಭಾವನಾಮ ‘ಎಸುಗೆ’. ತಮಿಳಿನ ‘ಎಯ್’ ಇದರ ಜ್ಞಾತಿ. ಹೊಸಗನ್ನಡದ ‘ಎಸೆ’ ಎಂಬುದಕ್ಕೆ ಬಿಲ್ಲಿನ ನೆರವು ಬೇಕಿಲ್ಲ. ಕಲ್ಲನ್ನೂ ಚೆಂಡನ್ನೂ ಕಸವನ್ನೂ ಎಸೆಯಬಹುದು. ಸಾಧನವಿಶಿಷ್ಟವಾದ ಅರ್ಥ ಸಾಮಾನ್ಯವಾಗಿರುವುದಕ್ಕೆ ಇದು ಒಳ್ಳೆಯ ಉದಾಹರಣೆ. ‘ತೊಡು’ ಎಂಬುದು ಬಾಣವನ್ನು ಹೆದೆಗೆ ಸೇರಿಸುವುದನ್ನೂ ಬಟ್ಟೆ, ಒಡವೆಗಳನ್ನು ಧರಿಸುವುದನ್ನೂ ಹೇಳುತ್ತಿತ್ತು; ಇಂದು ಎರಡನೆಯದೇ ಪ್ರಧಾನ.

‘ಹೂಡು’ ಇವೆಲ್ಲಕ್ಕಿಂತ ಕುತೂಹಲಕರ. ಬಿಲ್ಲಿಗೆ ಬಾಣವನ್ನು ಹೂಡುವಂತೆಯೇ ನೊಗಕ್ಕೆ ಎತ್ತುಗಳನ್ನು ಹೂಡುತ್ತಾರೆ, ಮೂರು ಕಲ್ಲಿಟ್ಟು ಒಲೆ ಹೂಡುತ್ತಾರೆ, ನ್ಯಾಯಾಲಯದಲ್ಲಿ ದಾವೆ ಹೂಡುತ್ತಾರೆ, ವ್ಯಾಪಾರದಲ್ಲಿ ಬಂಡವಾಳ ಹೂಡುತ್ತಾರೆ. ಇವೆಲ್ಲದರ ಸಮಾನ ಅಂಶವೆಂದರೆ, ಮುಂದೆ ನಡೆಯಬೇಕಾದ ಒಂದು ಕೆಲಸಕ್ಕಾಗಿ ಎರಡು ವಸ್ತುಗಳನ್ನು ಸರಿಯಾದ ನೆಲೆಯಲ್ಲಿ ಕೂಡಿಸಿ ಸಜ್ಜುಗೊಳಿಸುವುದು. ಹೊಳಲ್ಕೆರೆಯ ರೈತನ ಮಾತಿನಲ್ಲಿ ‘ಹೂಡು’ ಉಳಿದಿರುವುದು ಎತ್ತು, ಒಲೆಗಳ ಬಲದಿಂದ. ‘ಬಾಣ ಹೂಡು’ ಎಂಬ ಪ್ರಯೋಗ ಇಂದಿಗೂ ಅರ್ಥವಾಗುವುದು ಅದೇ ಕಾರಣಕ್ಕೆ.

6. ದೊಣೆ, ಗುರಿ, ಗರಿ

ಬಾಣಗಳನ್ನು ಇಡುವ ಬತ್ತಳಿಕೆಗೆ ಹಳಗನ್ನಡದಲ್ಲಿ ‘ದೊಣೆ’ ಎಂಬ ಪದವೂ ಇದೆ. ಬಂಡೆಯಲ್ಲಿ ನೀರು ನಿಲ್ಲುವ ಆಳವಾದ ಕುಳಿಗೂ ‘ದೊಣೆ’ ಎನ್ನುತ್ತಾರೆ. ಚಿತ್ರದುರ್ಗದ ಕೋಟೆಯನ್ನು ನೋಡಿದವರಿಗೆ ಅಲ್ಲಿನ ‘ತಣ್ಣೀರು ದೊಣೆ’ಯ ಪರಿಚಯವಿರುತ್ತದೆ. ಒಳಗೆ ಟೊಳ್ಳಾಗಿ, ಮೇಲೆ ಬಾಯಿ ತೆರೆದು, ಬೇಕಾದದ್ದನ್ನು ಹಿಡಿದಿಡುವ ಆಕಾರವೇ ಎರಡೂ ಅರ್ಥಗಳಿಗೆ ಸಾಮಾನ್ಯ. ಬತ್ತಳಿಕೆಯ ಅರ್ಥ ಗ್ರಂಥಗಳಲ್ಲಿ ಉಳಿದರೆ ಬಂಡೆಯ ಅರ್ಥ ಸ್ಥಳನಾಮದಲ್ಲಿ ನೆಲೆನಿಂತಿದೆ.

‘ಗುರಿ’ ಬಾಣದ ಲಕ್ಷ್ಯದಿಂದ ಹೊರಟು ಉದ್ದೇಶ, ಧ್ಯೇಯ ಎಂಬ ಅರ್ಥಕ್ಕೆ ಬಂದಿದೆ. ಗುರಿಯಿಡಬಲ್ಲವನಾದ ‘ಗುರಿಕಾರ’ ಊರಿನ, ಪಡೆಯ ಮುಖಂಡನೂ ಆದನು. ‘ಗರಿ’ಗಂತೂ ಹಕ್ಕಿಯ ಜತೆಗೆ ತೆಂಗೂ ಆಸರೆಯಾಗಿದೆ; ಹೊಸದುರ್ಗದ ತೋಟಗಳಲ್ಲಿ ‘ಗರಿ’ ಎಂದರೆ ಮೊದಲು ನೆನಪಾಗುವುದು ತೆಂಗಿನ ಗರಿಯೇ. ‘ಮೊನೆ’, ‘ಅಲಗು’ಗಳು ಕುಡುಗೋಲು, ಚೂರಿಗಳ ನೆರವಿನಿಂದ ಉಳಿದಿವೆ.

7. ಉಳಿಯದ ಪದಗಳು

ಉಳಿಯದವುಗಳಲ್ಲಿ ಎರಡು ಮುಖ್ಯ: ‘ಹಿಳುಕು’ ಮತ್ತು ‘ಹೆದೆ’. ಗರಿ ಕಟ್ಟಿದ ಬಾಣದ ಹಿಂಭಾಗವೇ ಹಿಳುಕು. ಅದು ನಡುಗನ್ನಡ ಕಾವ್ಯದಲ್ಲಿ ಇಡೀ ಬಾಣಕ್ಕೂ ಬಳಕೆಯಾಗಿ, ಇಂದು ಓದುಗರಿಗೆ ಟಿಪ್ಪಣಿಯಿಲ್ಲದೆ ತಿಳಿಯದಂತಾಗಿದೆ. ‘ಹೆದೆ’ ಗ್ರಂಥಭಾಷೆಯಲ್ಲಿ ಉಳಿದಿದೆಯಾದರೂ ಆಡುಮಾತಿನಲ್ಲಿ ಅದರ ಸ್ಥಾನವನ್ನು ದಾರ, ಹಗ್ಗಗಳು ಪಡೆದಿವೆ.

ಇದಕ್ಕೆ ಧ್ವನಿಯ ಕಾರಣವನ್ನು ಹುಡುಕಬಹುದು. ಈ ಸೀಮೆಯ ಗ್ರಾಮೀಣ ಆಡುಮಾತಿನಲ್ಲಿ, ದಕ್ಷಿಣ ಕರ್ನಾಟಕದ ಇತರ ಹಲವು ಕಡೆಗಳಂತೆ, ಪದಾದಿಯ ಹಕಾರ ಲೋಪವಾಗುತ್ತದೆ. ‘ಹಳ್ಳಿ’ ‘ಅಳ್ಳಿ’ಯಾಗುವಂತೆ ‘ಹೆದೆ’ ‘ಎದೆ’ಯಾಗುತ್ತದೆ; ದೇಹದ ಭಾಗವನ್ನು ಹೇಳುವ ‘ಎದೆ’ಯೊಡನೆ ಅದು ಒಂದಾಗಿಬಿಡುತ್ತದೆ. ‘ಹಿಳುಕು’ ‘ಇಳುಕು’ ಆಗಿ, ಕೆಳಗಿಳಿಸು ಎಂಬ ಅರ್ಥದ ಕ್ರಿಯಾಪದದೊಡನೆ ಬೆರೆಯುತ್ತದೆ. ಫ್ರೆಂಚ್ ಉಪಭಾಷಾ ವಿದ್ವಾಂಸ ಝೂಲ್ ಝಿಲ್ಯೆರೋಂ ಇಂತಹ ಸಮಧ್ವನಿ ಘರ್ಷಣೆಯನ್ನು ಪದಗಳ ಅಳಿವಿಗೆ ಕಾರಣವೆಂದು ತೋರಿಸಿದ್ದನು. ನೈಋತ್ಯ ಫ್ರಾನ್ಸಿನಲ್ಲಿ ಹುಂಜ ಮತ್ತು ಬೆಕ್ಕಿನ ಹೆಸರುಗಳು ಧ್ವನಿವ್ಯತ್ಯಾಸದಿಂದ ಒಂದೇ ಆದಾಗ ಹುಂಜಕ್ಕೆ ಬೇರೆ ಹೆಸರು ಬಂದದ್ದು ಅವನ ಪ್ರಸಿದ್ಧ ನಿದರ್ಶನ.

ಆದರೆ ಇಷ್ಟರಿಂದಲೇ ವಿವರಣೆ ಪೂರ್ಣವಾಗುವುದಿಲ್ಲ. ‘ಹೂಡು’ ಎಂಬುದೂ ಇದೇ ಲೋಪಕ್ಕೆ ಒಳಗಾಗಿ ‘ಊಡು’ ಆಗುತ್ತದೆ; ಉಣಿಸು ಎಂಬ ಅರ್ಥದ ‘ಊಡು’ವಿನೊಡನೆ ಒಂದಾಗುತ್ತದೆ. ಆದರೂ ಅದು ಅಳಿದಿಲ್ಲ. ಎತ್ತು, ನೊಗ, ಒಲೆಗಳ ಸಂದರ್ಭವು ಅರ್ಥದ ಗೊಂದಲವನ್ನು ಪ್ರತಿದಿನವೂ ನಿವಾರಿಸುತ್ತದೆ. ‘ಹೆದೆ’ಗೆ ಅಂತಹ ಸಂದರ್ಭ ಉಳಿದಿರಲಿಲ್ಲ. ಆದ್ದರಿಂದ ಧ್ವನಿಘರ್ಷಣೆಯನ್ನು ಅಳಿವಿನ ಮೂಲಕಾರಣವೆಂದು ಪರಿಗಣಿಸದೆ, ಬಳಕೆ ಸಡಿಲಗೊಂಡ ಪದದ ಅಳಿವನ್ನು ಚುರುಕುಗೊಳಿಸುವ ಅಂಶವೆಂದು ಪರಿಗಣಿಸುವುದು ಉಚಿತ.

ಆಚರಣೆಯು ಈ ಪದಗಳನ್ನು ಏಕೆ ಉಳಿಸಲಿಲ್ಲ ಎಂಬ ಪ್ರಶ್ನೆ ಬಾಕಿಯಿದೆ. ಸಂಪ್ರದಾಯ ಪದಗಳನ್ನು ಕಾಪಾಡುತ್ತದೆ ಎಂಬುದು ಸಾಮಾನ್ಯ ನಂಬಿಕೆ. ಅಂಬಿನೋತ್ಸವದಲ್ಲಿ ಅದು ಅರ್ಧದಷ್ಟು ಮಾತ್ರ ನಿಜ. ವಿಧಿಯ ಅಂಬು ಹತ್ತಿರದ ಬಾಳೆದಿಂಡನ್ನು ತಾಕಿದರೆ ಸಾಕು. ಅದಕ್ಕೆ ಒಂದೇ ರೆಕ್ಕೆಯ ಗರಿಗಳು ಬೇಕಿಲ್ಲ, ಬಿಲ್ಲಿಗೆ ತಕ್ಕ ಬಳುಕು ಬೇಕಿಲ್ಲ, ಗೆಣ್ಣಿನಾಚೆಯ ಕಚ್ಚು ಬೇಕಿಲ್ಲ. ಎಂದರೆ ಆಚರಣೆಗೆ ಅಂಬು ಬೇಕು, ಅಂಬಿನ ಕೆಲಸ ಬೇಡ. ಅದು ವಸ್ತುವಿನ ಹೆಸರನ್ನು ಮಾತ್ರ ಕಾಪಾಡಿತು. ಅಂಗಗಳ ಹೆಸರುಗಳು ಕೆಲಸದ ಮಾತಿಗೆ ಸೇರಿದವು. ಒಬ್ಬ ಇನ್ನೊಬ್ಬನಿಗೆ ‘ಇಲ್ಲಿ ಹೆರೆ’, ‘ಇಲ್ಲಿ ಸುತ್ತು’ ಎಂದು ಹೇಳಬೇಕಾದಾಗ ಮಾತ್ರ ಅವು ಬೇಕಾಗುತ್ತವೆ.

8. ಇಂದಿನ ಪರಿಭಾಷೆಯ ಪ್ರಶ್ನೆ

ಬಿಲ್ಲುಗಾರಿಕೆಯು ಇಂದು ಕ್ರೀಡೆಯಾಗಿ ಮರಳಿ ಬಂದಿದೆ. ಭಾರತದ ಸ್ಪರ್ಧೆಗಳಲ್ಲಿ ‘ಇಂಡಿಯನ್ ರೌಂಡ್’ ಎಂಬ ವಿಭಾಗವು ಸಾಂಪ್ರದಾಯಿಕ ಬಿದಿರಿನ ಬಿಲ್ಲಿಗೆ ಮೀಸಲು. 30 ಮತ್ತು 50 ಮೀಟರ್ ದೂರದಲ್ಲಿ ಅದು ನಡೆಯುತ್ತದೆ. ಅಂತರರಾಷ್ಟ್ರೀಯ ನಿಯಮಗಳ ಪ್ರಕಾರವೂ ಲಾಂಗ್‌ಬೋ ವಿಭಾಗದಲ್ಲಿ ಮರದ ಕಡ್ಡಿ, ಹಕ್ಕಿಯ ಗರಿಗಳಿರುವ ಬಾಣಗಳನ್ನೇ ಬಳಸಬೇಕು. ಆದ್ದರಿಂದ ಬಿದಿರು, ಮರಗಳ ಬಾಣ ಮಾಡುವುದು ಗತಕಾಲದ ವಿಷಯವೆಂದು ಬಿಡುವಂತಿಲ್ಲ. ಕಲಿಸುವ ಮಾತು ಮಾತ್ರ ಶಾಫ್ಟ್, ನಾಕ್, ಫ್ಲೆಚಿಂಗ್, ಸ್ಪೈನ್ ಎಂಬ ಪದಗಳಲ್ಲಿ ನಡೆಯುತ್ತದೆ.

ಇವುಗಳಿಗೆ ಹೊಸದಾಗಿ ಸಂಸ್ಕೃತ ಪದಗಳನ್ನು ಟಂಕಿಸಬೇಕಾದ ಅಗತ್ಯವಿಲ್ಲ. ಕಡ್ಡಿಗೆ ‘ಕಣೆ’, ಗರಿ ಕಟ್ಟಿದ ಭಾಗಕ್ಕೆ ‘ಹಿಳುಕು’, ಹೆದೆ ಕೂಡುವ ಸೀಳಿಗೆ ‘ಕಚ್ಚು’, ಬಾಗುವ ಗುಣಕ್ಕೆ ‘ಬಳುಕು’ ಎನ್ನಬಹುದು. ಮೊದಲ ಎರಡು ಕಾವ್ಯದಿಂದ ಮರಳಿ ಪಡೆಯುವ ಪದಗಳು. ಕೊನೆಯ ಎರಡು ಬಡಗಿಯ ಹಾಗೂ ಮನೆಯ ಮಾತಿನಲ್ಲಿ ಈಗಲೂ ಇರುವವು. ಅನುವಾದದಲ್ಲಿ ಎಚ್ಚರ ಬೇಕಾದ ಒಂದು ಎಡೆಯೂ ಇದೆ. ಇಂಗ್ಲಿಷಿನ ‘ಕೇನ್’ ಎಂಬ ಒಂದೇ ಪದ ಬೆತ್ತ, ಕಬ್ಬು, ಜೊಂಡು, ತೆಳುಬಿದಿರುಗಳನ್ನೆಲ್ಲ ಒಳಗೊಳ್ಳುತ್ತದೆ. ಬಾಣದ ಸಂದರ್ಭದಲ್ಲಿ ಅದನ್ನು ‘ಬೆತ್ತ’ ಎಂದು ಅನುವಾದಿಸಿದರೆ ತಪ್ಪು ದಾರಿ ಹಿಡಿದಂತಾಗುತ್ತದೆ. ಬೆತ್ತ ಒಳಗೆ ತುಂಬಿದ, ಭಾರವಾದ, ಬಾಗಿದಲ್ಲಿಯೇ ನಿಲ್ಲುವ ಬಳ್ಳಿ. ಬಾಣಕ್ಕೆ ಬೇಕಾದದ್ದು ಹಗುರಾದ, ಬಾಗಿದರೂ ಕೂಡಲೇ ನೆಟ್ಟಗಾಗುವ ಟೊಳ್ಳು ಕಡ್ಡಿ. ಕನ್ನಡವು ಬೇರೆಬೇರೆ ಪದಗಳಿಂದ ಉಳಿಸಿಕೊಂಡಿರುವ ಈ ವ್ಯತ್ಯಾಸವನ್ನು ಅನುವಾದದಲ್ಲಿ ಕಳೆದುಕೊಳ್ಳಬಾರದು.

9. ಸಮಾರೋಪ

ಮೇಲಿನ ಪರಿಶೀಲನೆಯಿಂದ ಬಾಣದ ಪದಗಳು ನಾಲ್ಕು ಕಡೆ ಚದುರಿರುವುದು ಕಂಡುಬರುತ್ತದೆ. ಆಚರಣೆಯಲ್ಲಿ ‘ಅಂಬು’ ಉಳಿದಿದೆ, ಬೇಸಾಯ, ಮನೆವಾರ್ತೆ ಮತ್ತು ವಾದ್ಯಗಳಲ್ಲಿ ‘ಹೂಡು’, ‘ಗರಿ’, ‘ಗಣೆ’ಗಳು ಉಳಿದಿವೆ, ಆಕಾರಸಾಮ್ಯದಿಂದ ‘ಸರಳು’, ‘ದೊಣೆ’ಗಳಿಗೆ ಬೇರೆ ವಸ್ತುಗಳಲ್ಲಿ ನೆಲೆ ದೊರೆತಿದೆ, ‘ಹಿಳುಕು’ವಿನಂತಹವು ಕಾವ್ಯಕ್ಕೆ ಸೀಮಿತವಾಗಿವೆ. ಪದವೊಂದರ ಉಳಿವನ್ನು ನಿರ್ಧರಿಸುವುದು ಅದಕ್ಕಿರುವ ಗೌರವವಲ್ಲ, ಅದಕ್ಕೆ ಪ್ರತಿದಿನ ಇರುವ ಕೆಲಸ.

ಇದರಿಂದ ಒಂದು ಪ್ರಾಯೋಗಿಕ ಕರ್ತವ್ಯವೂ ಹೊರಡುತ್ತದೆ. ಭದ್ರಿರಾಜು ಕೃಷ್ಣಮೂರ್ತಿಯವರು 1962ರಷ್ಟು ಹಿಂದೆಯೇ ತೆಲುಗಿನ ಬೇಸಾಯದ ವೃತ್ತಿಪದಕೋಶವನ್ನು ಪ್ರದೇಶಭೇದಗಳೊಡನೆ ಹೊರತಂದು ಈ ಬಗೆಯ ದಾಖಲಾತಿಗೆ ಮಾದರಿಯನ್ನು ಹಾಕಿಕೊಟ್ಟರು. ಬಾಣದ ಕುಶಲಿಯ ಮಾತು ನಮಗೆ ಇಂದು ನೇರವಾಗಿ ದೊರೆಯದಿದ್ದರೂ ಅವನ ನೆರೆಯ ವೃತ್ತಿಗಳ ಮಾತು ಇನ್ನೂ ಕೇಳುವಷ್ಟು ಹತ್ತಿರದಲ್ಲಿದೆ. ಬಿದಿರನ್ನು ಆರಿಸಿ, ಸೀಳಿ, ಹೆರೆಯುವ ಮೇದಾರರು, ಮೊನೆಗೆ ನೀರು ಕುಡಿಸುವ ಕಮ್ಮಾರರು, ಎಳೆಯ ದಿಕ್ಕನ್ನು ಬಲ್ಲ ಬಡಗಿಗಳು, ಗಣೆಗೆ ತಕ್ಕ ಬಿದಿರನ್ನು ಗುರುತಿಸುವ ಕಾಡುಗೊಲ್ಲರು ಈ ನಾಲ್ಕೂ ತಾಲ್ಲೂಕುಗಳಲ್ಲಿ ಇಂದಿಗೂ ಇದ್ದಾರೆ. ಪ್ಲಾಸ್ಟಿಕ್ ಬುಟ್ಟಿ ಮತ್ತು ಯಂತ್ರದ ಕೀಸುಳಿಗಳು ಅವರ ಕೆಲಸವನ್ನೂ ಕಿರಿದುಗೊಳಿಸುತ್ತಿವೆ. ಅವರು ಕೆಲಸ ಮಾಡುತ್ತಿರುವಾಗಲೇ, ಕೆಲಸದ ನಡುವೆಯೇ ಅವರ ಮಾತುಗಳನ್ನು ದಾಖಲಿಸಬೇಕು. ಕೆಲಸ ನಿಂತ ಬಳಿಕ ಕೇಳಿದರೆ ವಸ್ತುವಿನ ಹೆಸರು ಮಾತ್ರ ದೊರೆಯುತ್ತದೆ ಎಂಬುದನ್ನು ಅಂಬಿನ ನಿದರ್ಶನವೇ ತೋರಿಸಿಕೊಟ್ಟಿದೆ.